ನಾಯಿಬಂಡಿ ಕಟ್ಟಿಕೊಂಡು ಕಥೆ ಕೇಳಲು ಹೋದವನು

ಉತ್ತರ ಧ್ರುವದ ಸಾಹಸಿಗಳು ಅಂದ ಕೂಡಲೇ ನಮಗೆ ನೆನಪಾಗೋದು ಪಿಯರಿ, ಅಮುಂಡ್ಸೆನ್ ಥರದ ಹೆಸರುಗಳು. ಯಾರು ಮೊದಲು ಮುಟ್ಟಿದರು, ಯಾರು ಬಾವುಟ ನೆಟ್ಟರು ಅನ್ನೋದೇ ಆ ಕಾಲದ ದೊಡ್ಡ ಸುದ್ದಿ. ಅದೇ ಕಾಲದಲ್ಲಿ ಒಬ್ಬ ಮನುಷ್ಯ ಅದೇ ಹಿಮದ ಮೇಲೆ ಮೂರು ವರ್ಷ ತಿರುಗಿದ. ಆತ ಹುಡುಕಿದ್ದು ಧ್ರುವವನ್ನಲ್ಲ, ಅಲ್ಲಿ ಬದುಕುವ ಜನರನ್ನು. ಆತನ ಹೆಸರು ಕ್ನುಡ್ ರಾಸ್ಮುಸೆನ್. ಎಂಜಿನಿಯರಿಂಗ್ ಓದುವ ನಾವು ಇವನ ಕಥೆ ತಿಳಿದುಕೊಳ್ಳಬೇಕು. ಯಾಕಂದ್ರೆ ಯಾವ ನೆಲಕ್ಕೆ ಯಾವ ಗಾಡಿ ಅನ್ನುವ ಪ್ರಶ್ನೆಗೆ ಅವನ ಬದುಕಿನಲ್ಲಿ ಒಳ್ಳೆ ಉತ್ತರ ಇದೆ.

ರಾಸ್ಮುಸೆನ್ ಹುಟ್ಟಿದ್ದು 1879ರ ಜೂನ್ 7ರಂದು, ಗ್ರೀನ್‌ಲ್ಯಾಂಡಿನ ಪಶ್ಚಿಮ ಕರಾವಳಿಯ ಇಲುಲಿಸಾಟ್ ಎಂಬ ಊರಲ್ಲಿ. ಆಗ ಅದಕ್ಕೆ ಯಾಕೋಬ್ಸ್‌ಹಾವ್ನ್ ಅಂತಿದ್ದರು. ತಂದೆ ಡೆನ್ಮಾರ್ಕಿನ ಪಾದ್ರಿ, ತಾಯಿಯ ಕಡೆಯಿಂದ ಇನುಯಿಟ್ ರಕ್ತ. (ನಮ್ಮ ಹಳೇ ಪಠ್ಯಪುಸ್ತಕದ 'ಎಸ್ಕಿಮೊ'ಗಳೇ ಇವರು. ತಮ್ಮನ್ನು ತಾವು ಕರೆದುಕೊಳ್ಳೋದು ಇನುಯಿಟ್ ಅಂತ. ಹಾಗಂದ್ರೆ 'ಜನ'.) ಹುಡುಗ ಆಡಿದ್ದು ಊರ ಮಕ್ಕಳ ಜೊತೆ, ಅವರದೇ ಭಾಷೆಯಲ್ಲಿ. ನಾಯಿಬಂಡಿ ಹೊಡೆಯೋದು, ಬೇಟೆ ಆಡೋದು ಎಲ್ಲಾ ಅಲ್ಲೇ ಕಲಿತ. ನಮ್ಮ ಕಡೆ ಹುಡುಗರು ಅಪ್ಪನ ಪಕ್ಕ ಕೂತು ಚಕ್ಕಡಿ ಹೊಡೆಯೋದು ಕಲಿತ ಹಾಗೆ.

ಮುಂದೆ ಓದಲು ಡೆನ್ಮಾರ್ಕಿಗೆ ಕಳಿಸಿದರು. ನಟ ಆಗಬೇಕು, ಒಪೆರಾ ಗಾಯಕ ಆಗಬೇಕು ಅಂತ ಒಂದೆರಡು ವರ್ಷ ಒದ್ದಾಡಿದ. ಎರಡೂ ಆಗಲಿಲ್ಲ. ಆದರೆ ಊರಲ್ಲಿ ಕಲಿತ ಭಾಷೆ ಮತ್ತು ಬಂಡಿ ಕೈಬಿಡಲಿಲ್ಲ. 1902ರಲ್ಲಿ ಗ್ರೀನ್‌ಲ್ಯಾಂಡಿನ ಜನಜೀವನ ತಿಳಿಯಲು ಹೊರಟ ಒಂದು ತಂಡದ ಜೊತೆ ಸೇರಿ, ಉತ್ತರದ ತುದಿಯ ಇನುಯಿಟರ ತನಕ ಹೋಗಿಬಂದ. ಅಲ್ಲಿಂದ ಆತನ ದಾರಿ ಗಟ್ಟಿಯಾಯ್ತು.

1910ರಲ್ಲಿ ಗೆಳೆಯ ಪೀಟರ್ ಫ್ರಾಯ್ಕೆನ್ ಜೊತೆ ಸೇರಿ ಅದೇ ಉತ್ತರದ ಕರಾವಳಿಯಲ್ಲಿ ಒಂದು ಅಂಗಡಿ ತೆರೆದ. ಹೆಸರು ಥೂಲೆ. ಭೂಮಿಯ ಉತ್ತರದ ಕಟ್ಟಕಡೆಯ ನಾಡು ಅಂತ ಹಳೇ ಯುರೋಪಿನವರು ಕಲ್ಪಿಸಿಕೊಂಡಿದ್ದ ಜಾಗದ ಹೆಸರು ಅದು. ನರಿ ಚರ್ಮ ಕೊಳ್ಳೋದು, ಬಂದೂಕು, ಮದ್ದು, ಸಲಕರಣೆ ಮಾರೋದು. ಬಂದ ಲಾಭ ಪ್ರಯಾಣಕ್ಕೆ. ಹೀಗೆ ಹೊರಟ ಪ್ರಯಾಣಗಳಿಗೆ ಥೂಲೆ ಯಾತ್ರೆಗಳು ಅಂತಲೇ ಹೆಸರು ಬಿತ್ತು. 1912ರ ಮೊದಲ ಯಾತ್ರೆಯಲ್ಲಿ ಗ್ರೀನ್‌ಲ್ಯಾಂಡಿನ ಹಿಮದ ಹಾಸನ್ನು ದಾಟಿ, ಪಿಯರಿ ನಕ್ಷೆಯಲ್ಲಿ ತೋರಿಸಿದ್ದ ಒಂದು ಕಾಲುವೆ ನಿಜಕ್ಕೂ ಇಲ್ಲ ಅಂತ ಕಂಡುಕೊಂಡರು. 1916ರಿಂದ 1918ರ ಎರಡನೇ ಯಾತ್ರೆಯಲ್ಲಿ ತಂಡದ ಇಬ್ಬರು ಸತ್ತರು. ಹಿಮ ಯಾರನ್ನೂ ಸುಮ್ಮನೆ ಬಿಡೋದಿಲ್ಲ.

ಆತನ ಹೆಸರು ಉಳಿಸಿದ್ದು ಐದನೇ ಯಾತ್ರೆ, 1921ರಿಂದ 1924. ಗ್ರೀನ್‌ಲ್ಯಾಂಡಿನಿಂದ ಕೆನಡಾದ ಉತ್ತರ ಅಂಚು ಹಿಡಿದು ಅಲಾಸ್ಕಾ ತನಕ ಇರುವ ಇನುಯಿಟ್ ನೆಲೆಗಳನ್ನೆಲ್ಲ ಮುಟ್ಟಬೇಕು, ಅವರ ಕಥೆ, ಹಾಡು, ನಂಬಿಕೆ ಬರೆದುಕೊಳ್ಳಬೇಕು. ಇಷ್ಟು ದೂರ ಚದುರಿದ ಜನ ಮೂಲದಲ್ಲಿ ಒಂದೇನಾ ಅನ್ನೋದು ಪ್ರಶ್ನೆ. ಹೊರಡುವ ಮೊದಲೇ ಪೆಟ್ಟು ಬಿತ್ತು. ತಂಡದಲ್ಲಿದ್ದ ಇಗ್ಗಿಯಾನ್‌ಗುವಾಕ್ ಎಂಬ ಬೇಟೆಗಾರ ಗ್ರೀನ್‌ಲ್ಯಾಂಡಿನಲ್ಲೇ ಫ್ಲೂ ಜ್ವರಕ್ಕೆ ಬಲಿಯಾದ. ಅವನ ಹೆಂಡತಿ ಅರ್ನಾರುಲುನ್‌ಗುವಾಕ್ ಮನೆಗೆ ವಾಪಸ್ ಹೋಗಲಿಲ್ಲ. ತಂಡದ ಜೊತೆಯೇ ಹೊರಟಳು.

ಮೊದಲು ಹಡ್ಸನ್ ಕೊಲ್ಲಿಯ ಉತ್ತರದ ಒಂದು ಚಿಕ್ಕ ದ್ವೀಪದಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿಂದ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ. ಒಬ್ಬ ಹಳೇ ಮನೆಗಳ ಅವಶೇಷ ಅಗೆದ, ಇನ್ನೊಬ್ಬ ಒಳನಾಡಿನ ಜನರ ಬಗ್ಗೆ ಬರೆದ. ಫ್ರಾಯ್ಕೆನ್ ಹಿಮಕಡಿತಕ್ಕೆ ಕಾಲ್ಬೆರಳು ಕಳೆದುಕೊಂಡ. 1923ರ ಮಾರ್ಚಿನಲ್ಲಿ ಪಶ್ಚಿಮದ ದೀರ್ಘ ದಾರಿಗೆ ಹೊರಟವರು ಮೂರೇ ಜನ: ರಾಸ್ಮುಸೆನ್, ಅರ್ನಾರುಲುನ್‌ಗುವಾಕ್ ಮತ್ತು ಆಕೆಯ ಬಂಧು ಕಾವಿಗಾರ್ಸುವಾಕ್. ಎರಡು ಉದ್ದನೆಯ ನಾಯಿಬಂಡಿ, 24 ನಾಯಿ.

ಈಗ ಆ ಬಂಡಿಯನ್ನೇ ಸ್ವಲ್ಪ ನೋಡೋಣ. ಚಕ್ರ ಇಲ್ಲ. ಅಡಿಯಲ್ಲಿ ಉದ್ದಕ್ಕೆ ಎರಡು ಹಲಗೆ, ಅವೇ ರನ್ನರ್. ಮೇಲೆ ಅಡ್ಡಪಟ್ಟಿಗಳು. ಇವನ್ನು ಕೂಡಿಸೋದು ಮೊಳೆಯಿಂದಲ್ಲ, ತೊಗಲಿನ ಮಿಣಿಯಿಂದ. ಮೊಳೆ ಹೊಡೆದರೆ ಉಬ್ಬುತಗ್ಗಿನ ಹಿಮಗಡ್ಡೆ ಮೇಲೆ ಬಿದ್ದಾಗ ಸಂದು ಸೀಳುತ್ತೆ. ಮಿಣಿ ಬಿಗಿದ ಸಂದು ಬಳುಕುತ್ತೆ, ಪೆಟ್ಟು ಹಂಚಿಕೊಳ್ಳುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಫ್ಲೆಕ್ಸಿಬಲ್ ಜಾಯಿಂಟ್.

ಇನ್ನು ರನ್ನರ್. ವಿಪರೀತ ಚಳಿಯಲ್ಲಿ ಹಿಮ ಮರಳಿನ ಹಾಗೆ ವರ್ತಿಸುತ್ತೆ. ಕಬ್ಬಿಣದ ಪಟ್ಟಿ ಹಾಕಿದರೆ ಉಜ್ಜಿ ಹುಟ್ಟಿದ ಅಷ್ಟೂ ಶಾಖವನ್ನು ಲೋಹ ಎಳೆದುಕೊಂಡುಬಿಡುತ್ತೆ, ಬಂಡಿ ಕಚ್ಚಿಕೊಳ್ಳುತ್ತೆ. ಇನುಯಿಟರು ಏನು ಮಾಡ್ತಿದ್ದರು ಅಂದ್ರೆ, ಜೌಗು ಮಣ್ಣನ್ನು ನೀರಲ್ಲಿ ನಾದಿ ರನ್ನರ್‌ಗೆ ದಪ್ಪಗೆ ಮೆತ್ತಿ ಹೆಪ್ಪುಗಟ್ಟಲು ಬಿಡೋರು. ಆಮೇಲೆ ಹೆರೆದು ನುಣುಪು ಮಾಡಿ, ಬಾಯಲ್ಲಿ ಬೆಚ್ಚಗೆ ಮಾಡಿದ ನೀರು ಉಗುಳಿ, ಕರಡಿ ಚರ್ಮದ ತುಂಡಿಂದ ತೀಡೋರು. ತೆಳ್ಳನೆ ಮಂಜುಗಡ್ಡೆಯ ಪದರ ಕೂತುಕೊಳ್ಳುತ್ತೆ, ಭಾರದ ಬಂಡಿಯೂ ಸರಾಗ ಜಾರುತ್ತೆ. ಮರವೇ ಸಿಗದ ಕಡೆ ನೆಟ್ಸಿಲಿಕ್ ಪಂಗಡದವರು ಒದ್ದೆ ಚರ್ಮದಲ್ಲಿ ಮೀನು ಸುತ್ತಿ, ಹೆಪ್ಪುಗಟ್ಟಿಸಿ, ಅದನ್ನೇ ರನ್ನರ್ ಮಾಡ್ತಿದ್ದರು. ಬೇಸಿಗೆ ಬಂದು ಬಂಡಿ ಕರಗಿದರೆ ಮೀನು ತಿನ್ನಬಹುದು!

ಇದೇ ಜಾಗಕ್ಕೆ ಎಂಜಿನ್ ಗಾಡಿ ಯಾಕೆ ಒಯ್ಯಲಿಲ್ಲ ಅಂತ ಕೇಳಬಹುದು. ಭೂಮಿಯ ಇನ್ನೊಂದು ತುದಿ ಅಂಟಾರ್ಕ್ಟಿಕಾಕ್ಕೆ ಕ್ಯಾಪ್ಟನ್ ಸ್ಕಾಟ್ ಮೂರು ಮೋಟಾರ್ ಸ್ಲೆಡ್ಜ್ ಒಯ್ದಿದ್ದ. 1911ರ ಜನವರಿಯಲ್ಲಿ ಹಡಗಿಂದ ಇಳಿಸುವಾಗಲೇ ಒಂದು ಹಿಮ ಒಡೆದು ಸಮುದ್ರ ಸೇರಿತು. ಉಳಿದೆರಡೂ ಧ್ರುವದ ದಾರಿ ಹಿಡಿದ ಕೆಲವೇ ದಿನಕ್ಕೆ ಎಂಜಿನ್ ಕೆಟ್ಟು ನಿಂತವು. ಅಲ್ಲಿ ಸ್ಪೇರ್ ಪಾರ್ಟ್ ಎಲ್ಲಿಂದ ತರೋದು? ಪೆಟ್ರೋಲ್ ಎಲ್ಲಿ? ನಾಯಿಬಂಡಿಗೆ ಇಂಧನ ಅಂದ್ರೆ ಸೀಲ್, ಮೀನು, ಹಿಮಸಾರಂಗದ ಮಾಂಸ. ಅದು ದಾರಿಯಲ್ಲೇ ಬೇಟೆಗೆ ಸಿಗೋದು. ರಿಪೇರಿಗೆ ಬೇಕಾದ ಮಣ್ಣು, ಮಿಣಿ, ನೀರು ಎಲ್ಲಾ ಅಲ್ಲೇ ಇರೋದು.

ಇದು ನಮ್ಮ ಶಿರೋಳದ ಎರಿ ಹೊಲ ನೋಡಿದವರಿಗೆ ಬೇಗ ತಿಳಿಯುತ್ತೆ. ಒಂದು ಹದವಾದ ಮಳೆ ಬಿದ್ದರೆ ಸಾಕು, ಬೈಕಿನ ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಎರಿ ಮಣ್ಣು ಮೆತ್ತಿಕೊಂಡು ಗಾಡಿ ಗಟ್ಟಿಯಾಗಿ ನಿಂತುಬಿಡುತ್ತೆ. ಕ್ಯಾಟಲಾಗಿನಲ್ಲಿ ಎಷ್ಟು ಹಾರ್ಸ್‌ಪವರ್ ಬರೆದಿದ್ದರೂ ಅಷ್ಟೇ. ನೆಲ ಗೊತ್ತಿಲ್ಲದೆ ಮಾಡಿದ ಡಿಸೈನ್ ನೆಲದ ಮೇಲೆ ಓಡೋದಿಲ್ಲ.

ಬಂಡಿ ಅರ್ಧ ಕೆಲಸ ಮಾಡಿತು. ಇನ್ನರ್ಧ ಮಾಡಿದ್ದು ಭಾಷೆ. ಚಿಕ್ಕಂದಿನಲ್ಲಿ ಕಲಿತ ಗ್ರೀನ್‌ಲ್ಯಾಂಡಿನ ಮಾತು ಸಾವಿರಾರು ಕಿಲೋಮೀಟರ್ ಆಚೆಯ ಹಿಮದ ಮನೆಯಲ್ಲೂ ತಿಳಿಯುತ್ತಿತ್ತು. ನಮ್ಮ ಗದಗಿನವರ ಮಾತು ಮಂಗಳೂರಿನಲ್ಲಿ ಸ್ವಲ್ಪ ನಗು ತರಿಸಿದರೂ ತಿಳಿಯುವ ಹಾಗೆ. ಹಾಗಾಗಿ ಆತ ಅತಿಥಿಯಾಗಿ ಮನೆಯೊಳಗೆ ಕೂತು, ಉಂಡು, ಜೊತೆಗೆ ಬೇಟೆಗೆ ಹೋಗಿ, ನಿಧಾನವಾಗಿ ಕಥೆ ಕೇಳಿದ. ಆವಾ ಎಂಬ ಮಾಂತ್ರಿಕ ತನ್ನ ನಂಬಿಕೆಗಳ ಬಗ್ಗೆ ಆತನೊಂದಿಗೆ ಮನಬಿಚ್ಚಿ ಮಾತಾಡಿದ. 1923ರ ಬೇಸಿಗೆಯಲ್ಲಿ ಹಿಮ ಕರಗಿ ಬಂಡಿ ನಿಂತಾಗ ಕಿಂಗ್ ವಿಲಿಯಂ ದ್ವೀಪದಲ್ಲಿ ನೆಟ್ಸಿಲಿಕರ ನಡುವೆ ಉಳಿದ. ಅದೇ ಸೀಮೆಯಲ್ಲಿ 1845ರಲ್ಲಿ ಹೊರಟ ಫ್ರಾಂಕ್ಲಿನ್ ತಂಡದ 129 ಜನ ಒಬ್ಬರೂ ಉಳಿಯದೆ ಸತ್ತಿದ್ದರು. ಅವರ ಕೆಲವರ ಮೂಳೆಗಳು ಕಂಡಾಗ ರಾಸ್ಮುಸೆನ್ ಮಣ್ಣು ಮಾಡಿದ. ಎರಡು ದೊಡ್ಡ ಹಡಗು ತಂದವರು ಸತ್ತ ಜಾಗದಲ್ಲಿ ನೆಟ್ಸಿಲಿಕರು ಮಕ್ಕಳುಮರಿ ಕಟ್ಟಿಕೊಂಡು ಬದುಕುತ್ತಿದ್ದರು.

ಈ ಕಥೆಯಲ್ಲಿ ಮುಳ್ಳೂ ಇದೆ. ಆ ದ್ವೀಪದಲ್ಲಿ ಜನ ಮೈಮೇಲೆ ಕಟ್ಟಿಕೊಂಡಿದ್ದ ತಾಯಿತಗಳನ್ನು ರಾಸ್ಮುಸೆನ್ ಸೂಜಿ, ಚಾಕು ಥರದ ಸಾಮಾನು ಕೊಟ್ಟು ಮ್ಯೂಸಿಯಂಗೆ ಅಂತ ಕೊಂಡ. ತಮ್ಮನ್ನು ಕಾಯುತ್ತೆ ಅಂತ ನಂಬಿದ್ದನ್ನು ಅವರು ಕೊಟ್ಟರು. ಹಳೇ ಬದುಕು ಮರೆಯಾಗುವ ಮೊದಲು ಬರೆದಿಡಬೇಕು ಅಂತ ಅವಸರಪಟ್ಟವನೇ, ಬಂದೂಕು ಮಾರುವ ಅಂಗಡಿ ನಡೆಸಿ ಆ ಬದಲಾವಣೆಗೆ ಕೈ ಹಚ್ಚಿದವನೂ ಹೌದು. ಎರಡೂ ನಿಜ.

ಆದರೂ ಬರೆದಿಟ್ಟಿದ್ದು ಉಳಿಯಿತು. ನಮ್ಮಲ್ಲಿ ಹಲಸಂಗಿ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ತರದೆ ಇದ್ದಿದ್ದರೆ ಎಷ್ಟು ತ್ರಿಪದಿ ಬೀಸುಕಲ್ಲಿನ ಜೊತೆಗೇ ಹೋಗಿರೋವು, ಯೋಚಿಸಿ.

1924ರ ಮೇ ತಿಂಗಳಲ್ಲಿ ಅಲಾಸ್ಕಾದ ಪಾಯಿಂಟ್ ಬ್ಯಾರೋ, ಬೇಸಿಗೆ ಮುಗಿಯುವ ಹೊತ್ತಿಗೆ ನೋಮ್ ಪಟ್ಟಣ. ಸಮುದ್ರ ದಾಟಿ ಸೈಬೀರಿಯಾಕ್ಕೂ ಹೋದ. ಪರವಾನಗಿ ಇಲ್ಲ ಅಂತ ಅಲ್ಲಿನ ಅಧಿಕಾರಿಗಳು ವಾಪಸ್ ಕಳಿಸಿದರು. ಹಿಮಕ್ಕೆ ಸೋಲದ ಯಾತ್ರೆ ಒಂದು ಕಾಗದಕ್ಕೆ ನಿಂತಿತು. ಆರ್ಕ್ಟಿಕ್ ಅಮೆರಿಕವನ್ನು ನಾಯಿಬಂಡಿಯಲ್ಲಿ ದಾಟಿದ ಕೀರ್ತಿ ರಾಸ್ಮುಸೆನ್ ಹೆಸರಿಗೆ ಬಂತು. ದಾರಿಯುದ್ದಕ್ಕೂ ಚರ್ಮದ ಬಟ್ಟೆ ಹೊಲಿದು ಎಲ್ಲರನ್ನೂ ಚಳಿಯಿಂದ ಉಳಿಸಿದ ಅರ್ನಾರುಲುನ್‌ಗುವಾಕ್, ಬೇಟೆಯಾಡಿ ನಾಯಿ ಸಾಕಿದ ಕಾವಿಗಾರ್ಸುವಾಕ್ ಕೂಡ ಅಷ್ಟೇ ದೂರ ನಡೆದಿದ್ದರು. ಈ ಎರಡು ಹೆಸರು ಬಾಯಿಗೆ ಕಷ್ಟ ನಿಜ, ಆದರೂ ನೆನಪಿಟ್ಟುಕೊಳ್ಳೋಣ.

ಯಾತ್ರೆಯ ವರದಿ ಹತ್ತು ಸಂಪುಟಗಳಾಗಿ ಬಂತು. ಏಳನೇ ಥೂಲೆ ಯಾತ್ರೆಯಲ್ಲಿದ್ದಾಗ ತಿಂದ ಆಹಾರ ವಿಷವಾಗಿ, ಮೇಲೆ ನ್ಯುಮೋನಿಯಾ ಆಗಿ, ರಾಸ್ಮುಸೆನ್ 1933ರ ಡಿಸೆಂಬರ್ 21ರಂದು ತೀರಿಕೊಂಡ. ಆಗ 54 ವರ್ಷ.

2006ರಲ್ಲಿ ಕೆನಡಾದ ಇಗ್ಲೂಲಿಕ್ ಎಂಬ ಹಳ್ಳಿಯ ಇನುಯಿಟ್ ನಿರ್ದೇಶಕ ಜಕರಿಯಾಸ್ ಕುನುಕ್ ಮತ್ತು ಅವರ ಜೊತೆಗಾರ ನಾರ್ಮನ್ ಕೋನ್ ಸೇರಿ ರಾಸ್ಮುಸೆನ್ ದಿನಚರಿಯ ಹೆಸರಲ್ಲೇ ಒಂದು ಸಿನಿಮಾ ಮಾಡಿದರು. ಅದರಲ್ಲಿ ಕಥೆಯ ಕೇಂದ್ರ ರಾಸ್ಮುಸೆನ್ ಅಲ್ಲ, ಆವಾ ಮತ್ತು ಅವನ ಮನೆಯವರು. ಕಥೆ ಕೇಳಲು ಬಂದವನ ಬರಹ ಹಿಡಿದುಕೊಂಡು, ಕಥೆ ಹೇಳಿದವರ ಮಂದಿ ತಮ್ಮದೇ ಭಾಷೆಯಲ್ಲಿ ಅದನ್ನು ಮತ್ತೆ ಹೇಳಿದರು.