ಜೋಸೆಫ್ ಹೈಡನ್ ಮತ್ತು ಲಂಡನ್ನಿನ ಶುಕ್ರವಾರಗಳು

ಸಿಂಫನಿ ಎಂದೊಡನೆ ನಮ್ಮಲ್ಲಿ ಹೆಚ್ಚಿನವರು ಹೇಳುವುದು ಮೊಜಾರ್ಟ್ ಇಲ್ಲವೇ ಬೀಥೋವನ್ ಹೆಸರನ್ನು. ಇವರಿಬ್ಬರಿಗಿಂತಲೂ ಹಿರಿಯರಾದ ಜೋಸೆಫ್ ಹೈಡನ್ ನೂರಕ್ಕೂ ಹೆಚ್ಚು ಸಿಂಫನಿಗಳನ್ನು ರಚಿಸಿದವರು. ಆದರೆ ಟಿಕೆಟು ಕೊಂಡು ಬಂದ ಜನರ ಮುಂದೆ ಒಂದಿಡೀ ಕಛೇರಿ ಸರಣಿಯನ್ನು ನಡೆಸುವ ಅವಕಾಶ ಅವರಿಗೆ ಸಿಕ್ಕಿದ್ದು 58ನೆಯ ವಯಸ್ಸಿನಲ್ಲಿ.

ಅವರು ಹುಟ್ಟಿದ್ದು 1732ರ ಮಾರ್ಚ್ 31ರಂದು, ಆಸ್ಟ್ರಿಯಾದ ರೋರಾವ್ ಎಂಬ ಹಳ್ಳಿಯಲ್ಲಿ. ತಂದೆ ಗಾಡಿಯ ಚಕ್ರ ಮಾಡುವ ಬಡಗಿ. ತಾಯಿ ಶ್ರೀಮಂತರ ಮನೆಯಲ್ಲಿ ಅಡುಗೆಯವಳಾಗಿದ್ದವಳು. ಬಾಲಕನ ಇಂಪಾದ ಕಂಠವನ್ನು ಮೆಚ್ಚಿ ವಿಯೆನ್ನಾದ ಸಂತ ಸ್ತೇಫನರ ಪ್ರಧಾನಾಲಯದ ಗಾಯನ ಮಂಡಳಿಗೆ ಸೇರಿಸಿಕೊಂಡರು. ಹರೆಯಕ್ಕೆ ಬಂದು ಕಂಠ ಒಡೆದಾಗ ಹೊರಗೆ ಕಳುಹಿಸಿದರು. ಮುಂದಿನ ಹತ್ತು ವರ್ಷಗಳ ಕಷ್ಟವನ್ನು ಇಲ್ಲಿ ವಿವರಿಸಲು ಸ್ಥಳವಿಲ್ಲ.

1761ರಲ್ಲಿ ಎಸ್ಟರ್‌ಹಾಜಿ ಅರಸುಮನೆತನದಲ್ಲಿ ನೌಕರಿ ಸಿಕ್ಕಿತು. ಅದರ ಕರಾರುಪತ್ರ ಇಂದಿಗೂ ಓದಲು ಸಿಗುತ್ತದೆ. ಮನೆತನದ ಸಮವಸ್ತ್ರ ತೊಟ್ಟು, ದಿನವೂ ಮಧ್ಯಾಹ್ನದ ಮುಂಚೆ ಒಮ್ಮೆ, ಬಳಿಕ ಒಮ್ಮೆ, ಅರಸರ ಕೊಠಡಿಯ ಹೊರಗೆ ನಿಂತು ಈ ದಿನ ಸಂಗೀತ ಬೇಕೇ ಬೇಡವೇ ಎಂದು ವಿಚಾರಿಸಬೇಕಿತ್ತು. ಬರೆದ ಸಂಗೀತವೆಲ್ಲ ಅರಸರ ಸೊತ್ತು, ಬೇರೆಯವರಿಗೆ ಕೊಡುವಂತಿರಲಿಲ್ಲ. ಈ ಕಟ್ಟುಪಾಡು ಸಡಿಲವಾದುದು 1779ರ ಹೊಸ ಕರಾರಿನಲ್ಲಿ. ಹೈಡನ್ ಇದರಿಂದ ಕಹಿಯಾದವರಲ್ಲ ಎಂಬುದು ನಮಗೆ ಸೋಜಿಗ. ಹಳ್ಳಿಗಾಡಿನ ಅರಮನೆಯಲ್ಲಿ ದಿನಗಳು ಕಳೆದರೂ ವಾದಕರಿಗೆ ಮನೆಗೆ ಹೋಗಲು ಅಪ್ಪಣೆ ಸಿಗದಿದ್ದಾಗ, 1772ರಲ್ಲಿ ಅವರೊಂದು ಸಿಂಫನಿ ಬರೆದರು. ಅದರ ಕೊನೆಯಲ್ಲಿ ವಾದಕರು ಒಬ್ಬೊಬ್ಬರಾಗಿ ಮೇಣದ ಬತ್ತಿ ಆರಿಸಿ ಎದ್ದು ಹೋಗುತ್ತಾರೆ. ಅರಸರಿಗೆ ಅರ್ಥವಾಯಿತು, ವಾದಕರು ಹೆಂಡತಿ ಮಕ್ಕಳ ಬಳಿಗೆ ಹೊರಟರು.

1790ರ ಸೆಪ್ಟೆಂಬರಿನಲ್ಲಿ ಅರಸ ನಿಕೋಲಾಸ್ ತೀರಿಕೊಂಡರು. ಮಗ ವಾದ್ಯವೃಂದವನ್ನು ವಿಸರ್ಜಿಸಿ ಹೈಡನ್‌ರಿಗೆ ಪಿಂಚಣಿ ಕೊಟ್ಟ. ಈ ಸುದ್ದಿ ತಿಳಿದೊಡನೆ ಸಾಲೊಮನ್ ಎಂಬ ಪಿಟೀಲುವಾದಕರು ವಿಯೆನ್ನಾಕ್ಕೆ ಧಾವಿಸಿ ಬಂದರು. ಜರ್ಮನಿಯ ಬಾನ್ ನಗರದವರಾದ ಇವರು ಲಂಡನ್ನಿನಲ್ಲಿ ಕಛೇರಿಗಳನ್ನು ಏರ್ಪಡಿಸುತ್ತಿದ್ದರು. 1791ರ ಹೊಸ ವರ್ಷದ ದಿನ ಹೈಡನ್ ಜೀವನದಲ್ಲೇ ಮೊದಲ ಬಾರಿಗೆ ಸಮುದ್ರ ದಾಟಿದರು.

ಅಲ್ಲಿನ ಪದ್ಧತಿಯೇ ಬೇರೆ. ಚಳಿಗಾಲ ಕಳೆಯುವ ಹೊತ್ತಿಗೆ ಆರಂಭಿಸಿ ವಾರಕ್ಕೊಂದರಂತೆ ಹನ್ನೆರಡು ಕಛೇರಿ. ಇಡೀ ಸರಣಿಗೆ ಐದು ಗಿನಿ ಚಂದಾ ಮುಂಗಡ. ಸಾಲೊಮನ್‌ರ ದಿನ ಶುಕ್ರವಾರ, ಸ್ಥಳ ಹ್ಯಾನೋವರ್ ಸ್ಕ್ವೇರ್ ಸಭಾಂಗಣ. ಸುಮಾರು ನಲವತ್ತು ವಾದಕರು. ಸಾಲೊಮನ್ ಪಿಟೀಲು ಹಿಡಿದು ಮುನ್ನಡೆಸುತ್ತಿದ್ದರೆ ಹೈಡನ್ ಕೀಲಿಮಣೆಯ ಮುಂದೆ ಕೂರುತ್ತಿದ್ದರು. ಹೊಸ ಸಿಂಫನಿಯನ್ನು ಕಛೇರಿಯ ಎರಡನೆಯ ಭಾಗಕ್ಕೆ ಇಟ್ಟುಕೊಳ್ಳುತ್ತಿದ್ದರು, ಏಕೆಂದರೆ ಮೊದಲ ಭಾಗದಲ್ಲಿ ಜನ ಇನ್ನೂ ಬರುತ್ತಲೇ ಇರುತ್ತಿದ್ದರು. ತಡವಾಗಿ ಬರುವವರು ಯಾವ ಊರಿನಲ್ಲಿಲ್ಲ! ಮೊದಲ ಕಛೇರಿ ಹಲವು ಬಾರಿ ಮುಂದೂಡಿ ಕೊನೆಗೆ ಮಾರ್ಚ್ 11ರಂದು ನಡೆಯಿತು. ಮೇ ತಿಂಗಳಲ್ಲಿ ಅವರ ಸಹಾಯಾರ್ಥ ಕಛೇರಿಗೆ ಖಾತ್ರಿ ಕೊಟ್ಟಿದ್ದು 200 ಪೌಂಡು. ಕೈಗೆ ಬಂದದ್ದು 350.

ನಿಜವಾದ ಪರೀಕ್ಷೆ ಬಂದದ್ದು ಮರುವರ್ಷ. ಸೋಮವಾರಗಳಂದು ಕಛೇರಿ ನಡೆಸುತ್ತಿದ್ದ ಪ್ರತಿಸ್ಪರ್ಧಿ ಸಂಸ್ಥೆ, ಪ್ರೊಫೆಷನಲ್ ಕಾನ್ಸರ್ಟ್, ಹೈಡನ್‌ರನ್ನು ಸೆಳೆಯಲಾಗದೆ ಅವರ ಶಿಷ್ಯ ಇಗ್ನಾಜ್ ಪ್ಲೆಯೆಲ್‌ರನ್ನೇ ಕರೆಸಿತು. ಗುರುವಿಗೆ ವಯಸ್ಸಾಯಿತು, ಹೊಸದೇನನ್ನೂ ಬರೆಯಲಾರರು ಎಂಬ ಮಾತು ಪತ್ರಿಕೆಗಳಲ್ಲಿ ಹರಡಿತು. ಪ್ಲೆಯೆಲ್ ಒಂದು ಕಾಲದಲ್ಲಿ ಹೈಡನ್‌ರ ಬಳಿಯಲ್ಲೇ ಇದ್ದು ಕಲಿತವರು. ಜಗಳ ನೋಡಲು ಕಾದವರಿಗೆ ನಿರಾಶೆಯಾಯಿತು. ಗುರುಶಿಷ್ಯರು ಜೊತೆಗೆ ಊಟ ಮಾಡಿದರು, ಒಬ್ಬರ ಕಛೇರಿಗೆ ಇನ್ನೊಬ್ಬರು ಹೋದರು. ಫೆಬ್ರವರಿ 13ರ ತಮ್ಮ ಮೊದಲ ಕಛೇರಿಯಲ್ಲೇ ಪ್ಲೆಯೆಲ್ ಗುರುವಿನ ಸಿಂಫನಿಯೊಂದನ್ನೂ ನುಡಿಸಿದರು.

ಹಾಗೆಂದು ಹೈಡನ್ ಸುಮ್ಮನೆ ಕೂರಲಿಲ್ಲ. ರಾತ್ರಿಗಳು ನಿದ್ದೆಯಿಲ್ಲದೆ ಕಳೆದವು, ಕಣ್ಣು ಸೋತಿತು. ಮಾರ್ಚ್ 23ರಂದು ನುಡಿಸಿದ ಹೊಸ ಸಿಂಫನಿಯ ಎರಡನೆಯ ಭಾಗದಲ್ಲಿ ಮಗುವಿನ ಹಾಡಿನಂಥ ಮೆಲುವಾದ ರಾಗ. ಅದು ಇನ್ನಷ್ಟು ಮೆಲ್ಲಗಾಗುತ್ತಿದ್ದಂತೆ ಇಡೀ ವಾದ್ಯವೃಂದ ನಗಾರಿ ಸಮೇತ ಒಮ್ಮೆಲೇ ಗುಡುಗುತ್ತದೆ. ತೂಕಡಿಸುವವರನ್ನು ಎಬ್ಬಿಸಲು ಹೀಗೆ ಮಾಡಿದರೆಂಬ ಕಥೆ ಎಲ್ಲೆಡೆ ಇದೆ. ಮುಪ್ಪಿನಲ್ಲಿ ಈ ಬಗ್ಗೆ ಕೇಳಿದವರಿಗೆ ಅವರು ಅದನ್ನು ಅಲ್ಲಗಳೆದರು. ಶಿಷ್ಯನಿಗಿಂತ ಹಿಂದೆ ಬೀಳಬಾರದು, ಹೊಸತನದಿಂದ ಜನರನ್ನು ಚಕಿತಗೊಳಿಸಬೇಕು ಎಂಬುದಷ್ಟೇ ಅವರ ಉದ್ದೇಶವಾಗಿತ್ತು. ಪ್ರೀತಿಯೂ ಪೈಪೋಟಿಯೂ ಒಂದೇ ಮನಸ್ಸಿನಲ್ಲಿದ್ದುದನ್ನು ಅವರು ಮರೆಮಾಚಲಿಲ್ಲ. ಅದಕ್ಕಾಗಿಯೇ ಅವರು ನಮಗೆ ಇನ್ನಷ್ಟು ಹತ್ತಿರವಾಗುತ್ತಾರೆ. ಪ್ರೊಫೆಷನಲ್ ಕಾನ್ಸರ್ಟ್ 1793ರ ಬಳಿಕ ಮುಚ್ಚಿತು.

1794ರಲ್ಲಿ ಹೈಡನ್ ಮತ್ತೆ ಲಂಡನ್ನಿಗೆ ಬಂದರು. 1795ರ ಫೆಬ್ರವರಿ 2ರಂದು ಕಿಂಗ್ಸ್ ಥಿಯೇಟರಿನಲ್ಲಿ ದೊಡ್ಡ ತೂಗುದೀಪವೊಂದು ಸಭೆಯ ನಡುವೆ ಕಳಚಿ ಬಿತ್ತು. ಹೈಡನ್‌ರನ್ನು ಹತ್ತಿರದಿಂದ ನೋಡಲು ಜನರೆಲ್ಲ ಮುಂದಕ್ಕೆ ನುಗ್ಗಿದ್ದರಿಂದ ದೊಡ್ಡ ಅನಾಹುತವಾಗಲಿಲ್ಲ. ಆ ಮೇ 4ರಂದು, ಲಂಡನ್ನಿಗಾಗಿ ಬರೆದ ಹನ್ನೆರಡು ಸಿಂಫನಿಗಳಲ್ಲಿ ಕೊನೆಯದನ್ನು ನುಡಿಸಿ ಅವರು ವಿದಾಯ ಹೇಳಿದರು.

ಮರಳಿದ ಬಳಿಕ ಅವರು ಸಿಂಫನಿ ಬರೆಯಲಿಲ್ಲ. 1796ರಿಂದ 1802ರ ನಡುವೆ ಎಸ್ಟರ್‌ಹಾಜಿ ಮನೆತನಕ್ಕಾಗಿ ಬಲಿಪೂಜೆಯ ಆರು ಸಂಗೀತಕೃತಿಗಳನ್ನೂ, ಲಂಡನ್ನಿನಲ್ಲಿ ಕೇಳಿದ ಹ್ಯಾಂಡಲ್‌ರ ಸಂಗೀತದಿಂದ ಪ್ರೇರಿತರಾಗಿ ಸೃಷ್ಟಿಯ ಕಥೆಯನ್ನು ಹಾಡುವ ಮಹಾಕೃತಿಯನ್ನೂ ರಚಿಸಿದರು. 1809ರ ಮೇ 31ರಂದು, ಫ್ರೆಂಚ್ ಸೈನ್ಯದ ವಶವಾಗಿದ್ದ ವಿಯೆನ್ನಾದಲ್ಲಿ ನಿಧನರಾದರು. ಶಿಷ್ಯ ಪ್ಲೆಯೆಲ್ ಅಷ್ಟರಲ್ಲಿ ಪ್ಯಾರಿಸ್ಸಿನಲ್ಲಿ ಸಂಗೀತ ಪ್ರಕಾಶಕರಾಗಿದ್ದರು. ನಾಲ್ಕು ತಂತಿವಾದ್ಯಗಳಿಗಾಗಿ ಗುರು ಬರೆದ ಕೃತಿಗಳನ್ನೆಲ್ಲ ಒಟ್ಟುಗೂಡಿಸಿ, 1801ರಿಂದಲೇ ಅವರು ಅಚ್ಚು ಹಾಕಲು ತೊಡಗಿದ್ದರು.