ಸ್ಯಾಮ್ಯುಯೆಲ್ ಟೋರಿ ಆರ್ಟನ್

ಸ್ಯಾಮ್ಯುಯೆಲ್ ಟೋರಿ ಆರ್ಟನ್ (೧೫ ಅಕ್ಟೋಬರ್ ೧೮೭೯ – ೧೭ ನವೆಂಬರ್ ೧೯೪೮) ಅವರು ಅಮೆರಿಕದ ಮನೋರೋಗ ಮತ್ತು ನರರೋಗ ತಜ್ಞರು. ಬುದ್ಧಿ, ದೃಷ್ಟಿ, ಶ್ರವಣಗಳಲ್ಲಿ ಕೊರತೆಯಿಲ್ಲದಿದ್ದರೂ ಓದಲು ಕಲಿಯಲಾರದ ಮಕ್ಕಳನ್ನು ಕುರಿತು ಆ ದೇಶದಲ್ಲಿ ವ್ಯವಸ್ಥಿತ ಅಧ್ಯಯನ ಕೈಗೊಂಡ ಮೊದಲಿಗರಲ್ಲಿ ಇವರು ಪ್ರಮುಖರು. ಇಂದು ಡಿಸ್ಲೆಕ್ಸಿಯಾ ಎಂದು ಕರೆಯಲಾಗುವ ಓದಿನ ತೊಡಕುಳ್ಳ ಮಕ್ಕಳಿಗಾಗಿ ರೂಪುಗೊಂಡ ಆರ್ಟನ್–ಗಿಲ್ಲಿಂಗ್‌ಹ್ಯಾಮ್ ಬೋಧನಾ ಪದ್ಧತಿಯು ಇವರ ಹೆಸರನ್ನು ಹೊತ್ತಿದೆ.

ಜನನ ಮತ್ತು ಶಿಕ್ಷಣ

ಆರ್ಟನ್ ಅವರು ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಜನಿಸಿದರು. ತಂದೆ ಎಡ್ವರ್ಡ್ ಆರ್ಟನ್ ಭೂವಿಜ್ಞಾನಿಗಳಾಗಿದ್ದು, ಮುಂದೆ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯವೆನಿಸಿದ ಸಂಸ್ಥೆಯ ಮೊದಲ ಅಧ್ಯಕ್ಷರಾಗಿದ್ದರು. ಸ್ಯಾಮ್ಯುಯೆಲ್ ಅವರು ಅದೇ ವಿಶ್ವವಿದ್ಯಾಲಯದಿಂದ ೧೯೦೧ರಲ್ಲಿ ಪದವಿಯನ್ನೂ ೧೯೦೫ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿಯನ್ನೂ ಪಡೆದರು. ಅನಂತರ ಹಲವು ಆಸ್ಪತ್ರೆಗಳಲ್ಲಿ ಮಿದುಳಿನ ರೋಗಗಳನ್ನು ಅಭ್ಯಸಿಸಿದರು. ಮಿದುಳಿಗೆ ಪೆಟ್ಟಾಗಿ ಮಾತನ್ನೋ ಓದನ್ನೋ ಕಳೆದುಕೊಂಡ ವಯಸ್ಕರ ಪರಿಚಯವು ಅವರ ಮುಂದಿನ ಚಿಂತನೆಗೆ ತಳಹದಿಯಾಯಿತು.

ಅಯೋವಾದಲ್ಲಿ ಅಧ್ಯಯನ

೧೯೧೯ರಲ್ಲಿ ಆರ್ಟನ್ ಅವರು ಅಯೋವಾ ರಾಜ್ಯದ ಮನೋರೋಗ ಆಸ್ಪತ್ರೆಯ ಮೊದಲ ನಿರ್ದೇಶಕರಾಗಿ ನೇಮಕಗೊಂಡರು. ೧೯೨೫ರಲ್ಲಿ ಅವರ ತಂಡವು ಗ್ರೀನ್ ಕೌಂಟಿಯಲ್ಲಿ ಸಂಚಾರಿ ಚಿಕಿತ್ಸಾಲಯವೊಂದನ್ನು ನಡೆಸಿ, ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಕಳುಹಿಸುವಂತೆ ಶಿಕ್ಷಕರನ್ನು ಕೋರಿತು. ಹಾಗೆ ಬಂದವರಲ್ಲಿ ಹದಿನಾರು ವರ್ಷದ ಬಾಲಕನೊಬ್ಬನಿದ್ದನು. ಅವನಿಗೆ ಓದು ಒಲಿದಿರಲಿಲ್ಲ. ಸ್ಟ್ಯಾನ್‌ಫರ್ಡ್–ಬಿನೆ ಪರೀಕ್ಷೆಯಲ್ಲಿ ಅವನ ಬುದ್ಧಿಸೂಚ್ಯಂಕ ಕೇವಲ ೭೧ ಎಂದು ಬಂದಿತ್ತು. ಆದರೆ ಯಂತ್ರಗಳ ರಚನೆ, ಚಿತ್ರಗಳ ಜೋಡಣೆ ಮುಂತಾದವನ್ನು ಗ್ರಹಿಸುವಲ್ಲಿ ಅವನು ಚುರುಕಾಗಿದ್ದುದನ್ನು ಆರ್ಟನ್ ಗಮನಿಸಿದರು. ಭಾಷೆಯನ್ನೇ ಬಹುವಾಗಿ ಅವಲಂಬಿಸಿದ ಪರೀಕ್ಷೆಯು ಇಂತಹ ಮಗುವಿನ ಶಕ್ತಿಯನ್ನು ಸರಿಯಾಗಿ ಅಳೆಯಲಾರದು ಎಂಬ ತೀರ್ಮಾನಕ್ಕೆ ಅವರು ಬಂದರು. ಓದಲಾರದ ಮಗು ದಡ್ಡ ಎಂಬ ಶಾಲಾ ನಂಬಿಕೆಯನ್ನು ಈ ತೀರ್ಮಾನ ಪ್ರಶ್ನಿಸಿತು. ಅದೇ ವರ್ಷ ಶಾಲಾಮಕ್ಕಳ ಪದಾಂಧತೆಯನ್ನು ಕುರಿತ ಅವರ ಪ್ರಬಂಧ ಪ್ರಕಟವಾಯಿತು.

ಸಿದ್ಧಾಂತ

ಗ್ಲಾಸ್ಗೋದ ಕಣ್ಣಿನ ವೈದ್ಯ ಜೇಮ್ಸ್ ಹಿನ್ಶೆಲ್‌ವುಡ್ ಮೊದಲಾದವರು ಇದೇ ತೊಡಕನ್ನು ಹುಟ್ಟಿನಿಂದ ಬಂದ ಪದಾಂಧತೆಯೆಂದು ಮೊದಲೇ ವಿವರಿಸಿದ್ದರು. ಅದು ವಿರಳವಾದುದೆಂಬುದು ಹಿನ್ಶೆಲ್‌ವುಡ್ ಅವರ ಅಭಿಪ್ರಾಯವಾಗಿತ್ತು. ಅದು ಶಾಲೆಗಳಲ್ಲಿ ಸಾಕಷ್ಟು ಸಾಮಾನ್ಯವೆಂದು ಆರ್ಟನ್ ವಾದಿಸಿದರು. ಈ ಮಕ್ಕಳು ರೋಮನ್ ಲಿಪಿಯಲ್ಲಿ ಎಡಬಲದ ವ್ಯತ್ಯಾಸವಷ್ಟೇ ಇರುವ ಸಣ್ಣ ಬಿ ಮತ್ತು ಡಿ ಅಕ್ಷರಗಳನ್ನು ಅದಲುಬದಲು ಮಾಡುವುದನ್ನೂ ಪದಗಳನ್ನು ಹಿಂದುಮುಂದಾಗಿ ಓದುವುದನ್ನೂ ಅವರು ಕಂಡರು. ಮಿದುಳಿನ ಒಂದು ಅರ್ಧಗೋಳವು ಮತ್ತೊಂದರ ಮೇಲೆ ಪೂರ್ಣ ಪ್ರಾಬಲ್ಯ ಸಾಧಿಸದಿದ್ದಾಗ ಅಕ್ಷರದ ನೇರ ರೂಪವೂ ಕನ್ನಡಿರೂಪವೂ ಸ್ಪರ್ಧಿಸುತ್ತವೆ ಎಂಬುದು ಅವರ ವಿವರಣೆ. ತಿರುಚಿದ ಸಂಕೇತಗಳು ಎಂಬ ಅರ್ಥದ ಗ್ರೀಕ್ ಮೂಲದಿಂದ ಸ್ಟ್ರೆಫೊಸಿಂಬೋಲಿಯಾ ಎಂಬ ಹೆಸರನ್ನೂ ಅವರು ರೂಪಿಸಿದರು.

ಬೋಧನಾ ಕ್ರಮ

ಆಗ ಅಮೆರಿಕದ ಅನೇಕ ಶಾಲೆಗಳಲ್ಲಿ ಇಡೀ ಪದವನ್ನು ತೋರಿಸಿ ಗುರುತಿಸಲು ಕಲಿಸುವ ಕ್ರಮ ರೂಢಿಯಲ್ಲಿತ್ತು. ಓದಿನ ತೊಡಕುಳ್ಳ ಮಕ್ಕಳಿಗೆ ಈ ಕ್ರಮ ಹಾನಿಕರವೆಂದು ೧೯೨೯ರ ಪ್ರಬಂಧವೊಂದರಲ್ಲಿ ಆರ್ಟನ್ ಎಚ್ಚರಿಸಿದರು. ಅಕ್ಷರ ಮತ್ತು ಅದರ ಧ್ವನಿಯನ್ನು ಒಂದೊಂದಾಗಿ ಕಲಿಸಿ, ಧ್ವನಿಗಳನ್ನು ಬೆಸೆದು ಪದವಾಗಿಸಬೇಕು. ಮಗು ಅಕ್ಷರವನ್ನು ನೋಡುತ್ತ, ಉಚ್ಚರಿಸುತ್ತ, ಬೆರಳಿನಿಂದ ತಿದ್ದುತ್ತ ಕಲಿಯಬೇಕು ಎಂಬುದು ಅವರ ಸಲಹೆ.

ಅಯೋವಾದಿಂದ ನ್ಯೂಯಾರ್ಕಿಗೆ ಬಂದ ಆರ್ಟನ್ ಅವರು ಅಲ್ಲಿನ ನರರೋಗ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಮನಶ್ಶಾಸ್ತ್ರಜ್ಞೆ ಆ್ಯನಾ ಗಿಲ್ಲಿಂಗ್‌ಹ್ಯಾಮ್ ಮತ್ತು ಶಿಕ್ಷಕಿ ಬೆಸ್ಸಿ ಸ್ಟಿಲ್‌ಮನ್ ಅವರು ಇವರ ವಿಚಾರಗಳನ್ನು ಹಂತಹಂತದ ಪಾಠಗಳಾಗಿ ವಿಸ್ತರಿಸಿ, ೧೯೩೦ರ ದಶಕದಲ್ಲಿ ಶಿಕ್ಷಕರಿಗಾಗಿ ಕೈಪಿಡಿಯನ್ನು ಸಿದ್ಧಪಡಿಸಿದರು. ಮಕ್ಕಳ ಓದು, ಬರಹ ಮತ್ತು ಮಾತಿನ ಸಮಸ್ಯೆಗಳನ್ನು ಕುರಿತ ಆರ್ಟನ್ ಅವರ ಗ್ರಂಥ ೧೯೩೭ರಲ್ಲಿ ಪ್ರಕಟವಾಯಿತು.

ನಿಧನ ಮತ್ತು ಪ್ರಭಾವ

ಆರ್ಟನ್ ಅವರು ೧೯೪೮ರಲ್ಲಿ ನಿಧನರಾದರು. ಮರುವರ್ಷ ಅವರ ಪತ್ನಿ ಜೂನ್ ಆರ್ಟನ್ ಮತ್ತು ಸಹೋದ್ಯೋಗಿಗಳು ಆರ್ಟನ್ ಸೊಸೈಟಿಯನ್ನು ಸ್ಥಾಪಿಸಿದರು. ಅದು ಇಂದು ಇಂಟರ್‌ನ್ಯಾಷನಲ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ.

ಕನ್ನಡಿರೂಪಗಳ ಸ್ಪರ್ಧೆಯ ಸಿದ್ಧಾಂತವನ್ನು ಮುಂದಿನ ಸಂಶೋಧನೆ ಸಮರ್ಥಿಸಲಿಲ್ಲ. ಅಕ್ಷರಗಳನ್ನು ತಿರುವುಮುರುವಾಗಿಸುವುದು ಹೊಸದಾಗಿ ಕಲಿಯುವ ಬಹುತೇಕ ಮಕ್ಕಳಲ್ಲಿ ಕಾಣುವಂಥದ್ದು. ಡಿಸ್ಲೆಕ್ಸಿಯಾದ ಮುಖ್ಯ ತೊಡಕು ಪದದೊಳಗಿನ ಧ್ವನಿಗಳನ್ನು ಬಿಡಿಸಿ ಗುರುತಿಸುವುದರಲ್ಲಿದೆ ಎಂದು ಈಗಿನ ಬಹಳಷ್ಟು ವಿದ್ವಾಂಸರು ಭಾವಿಸುತ್ತಾರೆ. ಬೆರಳಿನಿಂದ ತಿದ್ದುವಂತಹ ಬಹುಇಂದ್ರಿಯ ಅಭ್ಯಾಸಗಳಿಂದ ಎಷ್ಟು ಹೆಚ್ಚಿನ ಪ್ರಯೋಜನವಿದೆ ಎಂಬ ಬಗೆಗೂ ಒಮ್ಮತವಿಲ್ಲ. ಆದರೆ ಅಕ್ಷರ–ಧ್ವನಿ ಸಂಬಂಧವನ್ನು ಕ್ರಮವಾಗಿ, ಸ್ಪಷ್ಟವಾಗಿ ಕಲಿಸಬೇಕೆಂಬ ಅವರ ಸಲಹೆಗೆ ಅನಂತರದ ಅಧ್ಯಯನಗಳು ಬಲವಾದ ಆಧಾರ ಒದಗಿಸಿವೆ. ಓದಿನ ತೊಡಕನ್ನು ಬುದ್ಧಿಮಾಂದ್ಯದಿಂದ ಬೇರ್ಪಡಿಸಿ ನೋಡಬೇಕೆಂಬ ಅವರ ನಿಲುವು ಇಂದು ವಿಶೇಷ ಶಿಕ್ಷಣದ ಮೂಲತತ್ತ್ವಗಳಲ್ಲಿ ಒಂದಾಗಿದೆ.