ಸಂಶಯಕ್ಕೂ ಒಂದು ನಿಯಮ

ಕಳೆದ ಸಂಕ್ರಾಂತಿಯ ಮರುವಾರ ನಮ್ಮ ಕಾಲೇಜಿನ ಬಯಲಿನಲ್ಲಿ ಬಾಸ್ಕೆಟ್‌ಬಾಲ್ ಪಂದ್ಯವೊಂದು ನಡೆಯಿತು. ಕನ್ನಡದ ಅಧ್ಯಾಪಕನಾದ ನನಗೂ ಆಟದ ಬಯಲಿಗೂ ಇರುವ ನಂಟು ಅಷ್ಟಕ್ಕಷ್ಟೆ. ವಿದ್ಯಾರ್ಥಿಗಳ ಒತ್ತಾಯಕ್ಕೆ ಕಟ್ಟುಬಿದ್ದು ಹೋಗಿ ಕುಳಿತಿದ್ದೆ. ಆಟ ಮುಗಿಯಲು ಎರಡು ನಿಮಿಷವಿರುವಾಗ ಎದುರುಬದುರು ಪಕ್ಷದ ಇಬ್ಬರು ಹುಡುಗರು ಒಂದೇ ಚೆಂಡಿಗೆ ಕೈಚಾಚಿದರು. ಚೆಂಡು ಅವರ ಬೆರಳುಗಳ ನಡುವಿನಿಂದ ಜಾರಿ ಗೆರೆಯಾಚೆ ಉರುಳಿತು. ಇಬ್ಬರೂ ಅದು ತಮ್ಮದೆಂದು ಕೂಗಿದರು. ತೀರ್ಪುಗಾರರು ಸೀಟಿ ಊದಿ, ಆಚೆ ಬದಿಯಲ್ಲಿದ್ದ ತಮ್ಮ ಜೊತೆಗಾರರ ಮುಖ ನೋಡಿದರು. ಅವರೂ ಅರಿಯೆನೆಂಬಂತೆ ತಲೆಯಾಡಿಸಿದರು. ಆಗ ಇವರು ಎರಡು ಕೈಗಳನ್ನೂ ಮೇಲೆತ್ತಿ, ಎರಡು ಹೆಬ್ಬೆರಳುಗಳನ್ನೂ ಆಕಾಶದ ಕಡೆಗೆ ನಿಲ್ಲಿಸಿದರು. ಗಲಾಟೆ ನಿಂತಿತು, ಆಟ ಮುಂದುವರಿಯಿತು.

ಪಕ್ಕದಲ್ಲಿದ್ದ ದೈಹಿಕ ಶಿಕ್ಷಣದ ಅಧ್ಯಾಪಕರನ್ನು ಅದರ ಅರ್ಥ ಕೇಳಿದೆ. ಚೆಂಡು ಗೆರೆ ದಾಟಿದಾಗ ತೀರ್ಪುಗಾರನು ಒಂದು ಅಂಗೈಯನ್ನೆತ್ತಿ ಗಡಿಯಾರವನ್ನು ನಿಲ್ಲಿಸುತ್ತಾನೆ; ಬಳಿಕ ಚೆಂಡು ಯಾವ ಪಕ್ಷಕ್ಕೆ ಸಲ್ಲಬೇಕೋ ಆ ಪಕ್ಷ ಆಡುವ ದಿಕ್ಕಿಗೆ ಬೆರಳು ತೋರಿಸುತ್ತಾನೆ. ಕೊನೆಗೆ ಮುಟ್ಟಿದವನು ಯಾರೆಂದು ತಿಳಿಯದಿದ್ದರೆ, ಅಥವಾ ಇಬ್ಬರೂ ಒಟ್ಟಿಗೆ ಮುಟ್ಟಿದ್ದರೆ, ಎರಡು ಹೆಬ್ಬೆರಳುಗಳನ್ನು ಎತ್ತುತ್ತಾನೆ. ನನಗೆ ತಿಳಿಯದು ಎಂಬುದೇ ಆ ಸಂಜ್ಞೆಯ ತಾತ್ಪರ್ಯವೆಂದು ಅವರು ಹೇಳಿದರು. ಅಂದಿನ ರಾತ್ರಿ ನನಗೆ ಬೇಗ ನಿದ್ರೆ ಹತ್ತಲಿಲ್ಲ. ಅದರ ಕಾರಣವನ್ನು ಕೊನೆಯಲ್ಲಿ ನಿವೇದಿಸುತ್ತೇನೆ. ಸಂಶಯಕ್ಕೂ ಒಂದು ನಿಯಮವನ್ನು ವಿಧಿಸಿದ ಈ ಆಟವನ್ನು ಸೃಷ್ಟಿಸಿದವರು ಯಾರೆಂದು ತಿಳಿಯುವ ಕುತೂಹಲವುಂಟಾಗಿ ಗ್ರಂಥಭಂಡಾರವನ್ನು ಹೊಕ್ಕೆ. ಅಲ್ಲಿ ಪರಿಚಯವಾದವರು ಡಾಕ್ಟರ್ ಜೇಮ್ಸ್ ನೈಸ್ಮಿತ್.

ನೈಸ್ಮಿತ್ ಹುಟ್ಟಿದ್ದು ಕೆನಡಾ ದೇಶದ ಒಂಟಾರಿಯೊ ಪ್ರಾಂತದ ಆಲ್ಮಾಂಟ್ ಎಂಬ ಊರಿನ ಬಳಿ, 1861ನೆಯ ನವೆಂಬರ್ 6ರಂದು. ತಂದೆತಾಯಿಗಳು ಸ್ಕಾಟ್ಲೆಂಡಿನ ಮೂಲದವರು. 1870ರಲ್ಲಿ ವಿಷಮಶೀತಜ್ವರ ಅವರಿಬ್ಬರನ್ನೂ ಕೊಂಡೊಯ್ದಿತು. ಅನಾಥನಾದ ಹುಡುಗನನ್ನು ಅಜ್ಜಿಯೂ, ಅನಂತರ ಮದುವೆಯಾಗದ ಸೋದರಮಾವ ಪೀಟರ್ ಯಂಗನೂ ಸಾಕಿದರು. ಮಾವನದು ಮಿತಭಾಷೆ, ಕಟ್ಟುನಿಟ್ಟು. ಕೆಲಸ ಕೊಟ್ಟರೆ ಅದನ್ನು ಮಾಡಿ ಮುಗಿಸುವುದು ಹುಡುಗನ ಹೊಣೆ. ಸಹಾಯಕ್ಕೆ ಕೂಗಿದರೆ ಯಾರೂ ಬರುತ್ತಿರಲಿಲ್ಲ.

ಊರ ಮಕ್ಕಳು ಒಂದು ಕಲ್ಲಾಟವನ್ನು ಆಡುತ್ತಿದ್ದರು. ದೊಡ್ಡ ಬಂಡೆಯ ಮೇಲೆ ಚಿಕ್ಕ ಕಲ್ಲೊಂದನ್ನಿಟ್ಟು, ದೂರದಿಂದ ಕಲ್ಲೆಸೆದು ಅದನ್ನು ಉರುಳಿಸಬೇಕು. ಬಲವಾಗಿ ನೇರಕ್ಕೆ ಎಸೆದವನು ಗುರಿ ತಪ್ಪಿದರೆ ಅವನ ಕಲ್ಲು ಬಹುದೂರ ಹೋಗುವುದು; ಅದನ್ನು ತರುವಷ್ಟರಲ್ಲಿ ಅವನು ಸಿಕ್ಕಿಬೀಳುವನು. ಕಮಾನಿನಂತೆ ಮೆಲ್ಲನೆ ಎತ್ತಿ ಎಸೆದವನೇ ಜಾಣ. ಈ ಅನುಭವ ಹುಡುಗನ ನೆನಪಿನಲ್ಲಿ ಇಪ್ಪತ್ತು ವರ್ಷ ಅಡಗಿದ್ದು, ಬೇಕಾದ ಹೊತ್ತಿಗೆ ಎದ್ದು ಬಂದಿತು.

ನೈಸ್ಮಿತ್ ಪ್ರೌಢಶಾಲೆಯನ್ನು ನಡುವೆಯೇ ಬಿಟ್ಟು ಕೆಲವು ವರ್ಷ ಕಾಡಿನಲ್ಲಿ ಮರ ಕಡಿಯುವ ಕೆಲಸ ಮಾಡಿದರು. ಅನಂತರ ತಮಗಿಂತ ಎಷ್ಟೋ ಚಿಕ್ಕವರಾದ ಹುಡುಗರ ಜೊತೆ ಮತ್ತೆ ಬೆಂಚಿನ ಮೇಲೆ ಕುಳಿತು ಓದನ್ನು ಪೂರೈಸಿ, 1883ರಲ್ಲಿ ಮಾಂಟ್ರಿಯಲ್ ನಗರದ ಮೆಗಿಲ್ ವಿಶ್ವವಿದ್ಯಾನಿಲಯವನ್ನು ಸೇರಿದರು. ಧರ್ಮೋಪದೇಶಕರಾಗಬೇಕೆಂಬುದು ಅವರ ಸಂಕಲ್ಪ. ಒಮ್ಮೆ ಫುಟ್‌ಬಾಲ್ ಪಂದ್ಯದಲ್ಲಿ ಪಕ್ಕದ ಆಟಗಾರನೊಬ್ಬನು ಸಿಟ್ಟಿನಲ್ಲಿ ಬೈಗುಳವಾಡಿ, ನೈಸ್ಮಿತ್ ಅಲ್ಲಿರುವುದು ಕಂಡೊಡನೆ ನಾಚಿ ಕ್ಷಮೆ ಬೇಡಿದನಂತೆ. ಅವರು ಅವನಿಗೆ ಯಾವ ಉಪದೇಶವನ್ನೂ ಮಾಡಿದ್ದಿಲ್ಲ. ಜೊತೆಯಲ್ಲಿ ಆಡಿದ್ದಷ್ಟೆ. ಪೀಠದ ಮೇಲೆ ನಿಂತು ಮಾಡಲಾಗದ ಕೆಲಸವನ್ನು ಆಟದ ಬಯಲಿನಲ್ಲಿ ಮಾಡಬಹುದೆಂದು ಅಂದು ಅವರಿಗೆ ಹೊಳೆಯಿತು. ದೇವತಾಶಾಸ್ತ್ರದ ವ್ಯಾಸಂಗ ಮುಗಿದ 1890ರಲ್ಲಿ ಅವರು ಪಾದ್ರಿಯ ಪೀಠವನ್ನೇರದೆ, ಅಮೆರಿಕದ ಮಸಾಚುಸೆಟ್ಸ್ ಪ್ರಾಂತದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಗೆ ಹೋದರು.

ಅಲ್ಲಿ ಅವರ ಮೇಲಧಿಕಾರಿ ಲೂಥರ್ ಗ್ಯೂಲಿಕ್. ವಯಸ್ಸಿನಲ್ಲಿ ನೈಸ್ಮಿತ್ತರಿಗಿಂತ ನಾಲ್ಕು ವರ್ಷ ಕಿರಿಯರು. 1891ರ ಚಳಿಗಾಲ. ಹೊರಗೆ ಹಿಮ ಬಿದ್ದು ಫುಟ್‌ಬಾಲ್ ನಿಂತಿದೆ. ಒಳಾಂಗಣದ ಕವಾಯತು ಹದಿನೆಂಟು ಮಂದಿಯ ಒಂದು ತರಗತಿಗೆ ಬೇಸರ ತಂದಿದೆ. ಇಬ್ಬರು ಅಧ್ಯಾಪಕರು ಆಗಲೇ ಕೈಚೆಲ್ಲಿದ್ದಾರೆ. ಆ ತರಗತಿಯನ್ನು ಗ್ಯೂಲಿಕ್ಕರು ನೈಸ್ಮಿತ್ತರಿಗೆ ಒಪ್ಪಿಸಿ, ಒಳಗೆ ಆಡಬಹುದಾದ ಹೊಸ ಆಟವೊಂದನ್ನು ಹುಡುಕಲು ಹದಿನಾಲ್ಕು ದಿನಗಳ ಗಡುವನ್ನು ಕೊಟ್ಟರು. ಬಯಲಿನ ಆಟಗಳನ್ನು ಒಳಗೆ ತಂದು ನೋಡಿದ್ದಾಯಿತು. ಮೈಕೈ ಪೆಟ್ಟಾದುವೇ ಹೊರತು ಆಟ ಕೂಡಿಬರಲಿಲ್ಲ. ಗಡುವು ಮುಗಿಯುತ್ತ ಬಂದಿತು.

ಆಗ ನೈಸ್ಮಿತ್ ಒಂದೊಂದು ಆಟದ ದೋಷವನ್ನೂ ಬೇರೆ ಬೇರೆಯಾಗಿ ವಿಚಾರಿಸಿದರು. ರಗ್ಬಿಯಲ್ಲಿ ಒಬ್ಬನನ್ನೊಬ್ಬನು ಕೆಡವುವುದೇಕೆ? ಚೆಂಡು ಹಿಡಿದವನು ಓಡುವುದರಿಂದ. ಓಡುವುದನ್ನೇ ನಿಷೇಧಿಸಿದರೆ ಕೆಡವುವ ಕಾರಣವಿಲ್ಲ. ಗೋಲಿಗೆ ಚೆಂಡನ್ನು ಬಿರುಸಾಗಿ ಹೊಡೆಯುವುದೇಕೆ? ಗೋಲು ನೆಟ್ಟಗೆ ನಿಂತಿರುವುದರಿಂದ. ಅದನ್ನು ತಲೆಯಿಂದ ಮೇಲೆ ಅಡ್ಡಲಾಗಿ ಇಟ್ಟರೆ ಬಿರುಸು ವ್ಯರ್ಥ. ಕಮಾನಿನಂತೆ ಮೆಲ್ಲನೆ ಎಸೆಯಲೇಬೇಕು. ಬಾಲ್ಯದ ಕಲ್ಲಾಟ ಇಲ್ಲಿ ಕೈಹಿಡಿಯಿತು. ಇನ್ನು ಆಟ ಆರಂಭಿಸುವ ಬಗೆ. ಎರಡು ಪಕ್ಷದವರೂ ಸಾಲುಗಟ್ಟಿ ಚೆಂಡಿಗೆ ಮುಗಿಬಿದ್ದರೆ ಒರಟುತನ ತಪ್ಪದು. ಆದುದರಿಂದ ಪಕ್ಷಕ್ಕೊಬ್ಬನನ್ನು ನಿಲ್ಲಿಸಿ ಇಬ್ಬರ ನಡುವೆ ಚೆಂಡನ್ನು ಮೇಲಕ್ಕೆ ತೂರುವುದೆಂದು ನಿಶ್ಚಯಿಸಿದರು.

ಶಾಲೆಯ ಜವಾನನನ್ನು ಹದಿನೆಂಟು ಅಂಗುಲದ ಎರಡು ಪೆಟ್ಟಿಗೆ ಕೇಳಿದರು. ಅವನಲ್ಲಿ ಇದ್ದದ್ದು ಪೀಚ್ ಹಣ್ಣಿನ ಎರಡು ಬುಟ್ಟಿಗಳು. ಹತ್ತು ಅಡಿ ಎತ್ತರದಲ್ಲಿದ್ದ ಉಪ್ಪರಿಗೆಯ ಕಟಕಟೆಗೆ ಅವನ್ನು ಮೊಳೆ ಹೊಡೆದು ನಿಲ್ಲಿಸಿದರು. ಇಂದಿಗೂ ಬುಟ್ಟಿಯ ಎತ್ತರ ಅಷ್ಟೆ. 1891ರ ಡಿಸೆಂಬರಿನಲ್ಲಿ ಹದಿಮೂರು ನಿಯಮಗಳ ಎರಡು ಹಾಳೆಗಳನ್ನು ಗೋಡೆಗೆ ಅಂಟಿಸಿ, ಪಕ್ಷಕ್ಕೆ ಒಂಬತ್ತು ಮಂದಿಯಂತೆ ನಿಲ್ಲಿಸಿ, ಫುಟ್‌ಬಾಲನ್ನೇ ಮೇಲಕ್ಕೆ ತೂರಿದರು. ಅಂದು ಬುಟ್ಟಿಯೊಳಗೆ ಚೆಂಡು ಬಿದ್ದದ್ದು ಒಂದೇ ಒಂದು ಸಲ. ಆಟಕ್ಕೆ ನೈಸ್ಮಿತ್ತರ ಹೆಸರನ್ನೇ ಇಡೋಣವೆಂದು ವಿದ್ಯಾರ್ಥಿಯೊಬ್ಬನು ಸೂಚಿಸಿದಾಗ ಅವರು ನಕ್ಕು ಬೇಡವೆಂದರು; ಬುಟ್ಟಿಯ ಹೆಸರೇ ನಿಂತಿತು.

ನನ್ನ ಮನಸ್ಸನ್ನು ಸೆಳೆದದ್ದು ಆ ಹದಿಮೂರರಲ್ಲಿ ಒಂಬತ್ತನೆಯ ನಿಯಮ. ಗೆರೆಯಾಚೆ ಹೋದ ಚೆಂಡನ್ನು ಮೊದಲು ಮುಟ್ಟಿದವನು ಒಳಗೆ ಎಸೆಯಬೇಕು. ಅದಕ್ಕೆ ಐದು ಸೆಕೆಂಡುಗಳ ಅವಧಿ. ಯಾರು ಮೊದಲು ಮುಟ್ಟಿದರೆಂಬ ವಿವಾದವುಂಟಾದರೆ ಅಂಪೈರನು ಯಾರ ಪಕ್ಷವನ್ನೂ ವಹಿಸದೆ ಚೆಂಡನ್ನು ನೇರವಾಗಿ ಅಂಗಳದೊಳಕ್ಕೆ ಎಸೆಯಬೇಕು. ಒಂದು ಆಟವನ್ನು ಅವಸರದಲ್ಲಿ ಕಟ್ಟುತ್ತಿದ್ದ ಮೂವತ್ತು ವರ್ಷದ ಅಧ್ಯಾಪಕರು, ತೀರ್ಪು ಹೇಳುವವನಿಗೂ ತಿಳಿಯದಿರಬಹುದೆಂಬುದನ್ನು ಮೊದಲ ದಿನವೇ ಊಹಿಸಿ, ಅದಕ್ಕೊಂದು ಮಾನವಾದ ದಾರಿಯನ್ನು ಬರೆದಿಟ್ಟರು.

ಆ ನಿಯಮದಲ್ಲಿ ದೋಷವಿಲ್ಲದಿರಲಿಲ್ಲ. ಮೊದಲು ಮುಟ್ಟಿದವನಿಗೆ ಚೆಂಡು ಎಂದೊಡನೆ ಆಟಗಾರರು ಗೆರೆಯಾಚೆ ಒಬ್ಬರನ್ನೊಬ್ಬರು ನೂಕಿಕೊಂಡು ಬೀಳುತ್ತಿದ್ದರು. ಚೆಂಡು ಉಪ್ಪರಿಗೆಗೆ ಹೋದರೆ ಮೆಟ್ಟಿಲ ಮೇಲೆ ಓಟ, ಒಬ್ಬರ ಹೆಗಲ ಮೇಲೊಬ್ಬರ ಏರಾಟ. ಈ ಹಾವಳಿಯನ್ನು ತಪ್ಪಿಸಲು ಎಷ್ಟೋ ಕಡೆ ಅಂಗಳದ ಸುತ್ತ ತಂತಿಯ ಬಲೆ ಕಟ್ಟಿದರು. ಕಡೆಗೆ 1913ರಲ್ಲಿ ನಿಯಮವೇ ಬದಲಾಗಿ, ಚೆಂಡನ್ನು ಕೊನೆಗೆ ಮುಟ್ಟಿ ಹೊರಗೆ ಕಳುಹಿದವನ ಎದುರು ಪಕ್ಷಕ್ಕೆ ಅದು ಸಲ್ಲತೊಡಗಿತು. ಸಂಶಯ ಮಾತ್ರ ಹೋಗಲಿಲ್ಲ. ಸಂಶಯ ಬಂದಾಗ ಇಬ್ಬರ ನಡುವೆ ಚೆಂಡನ್ನು ಮೇಲಕ್ಕೆ ತೂರುವ ಪದ್ಧತಿ ಬಹುಕಾಲ ನಡೆಯಿತು. ಅಮೆರಿಕದ ವೃತ್ತಿನಿರತ ಪಂದ್ಯಗಳಲ್ಲಿ ಇಂದೂ ಇದೆ. ಆದರೆ ತೂರಿದ ಚೆಂಡು ಎತ್ತರದವನಿಗೇ ಒಲಿಯುವುದು ಸಹಜ. ಆದುದರಿಂದ ಅಲ್ಲಿಯ ಕಾಲೇಜು ಪಂದ್ಯಗಳಲ್ಲಿ 1981ರಿಂದಲೂ, ಅಂತರರಾಷ್ಟ್ರೀಯ ನಿಯಮದಲ್ಲಿ 2003ರಿಂದಲೂ ಸರದಿಯ ಕ್ರಮ ಬಂದಿತು. ಲೆಕ್ಕದವರ ಮೇಜಿನ ಮೇಲೆ ಒಂದು ಬಾಣದ ಗುರುತಿರುತ್ತದೆ. ತೀರ್ಪುಗಾರನು ಹೆಬ್ಬೆರಳುಗಳನ್ನು ಎತ್ತಿದ ಮೇಲೆ ಬಾಣ ತೋರುವ ದಿಕ್ಕಿಗೆ ಬೆರಳು ಚಾಚುತ್ತಾನೆ. ಈ ಸಲ ಇವರಿಗೆ ಸಂದರೆ ಮುಂದಿನ ಸಲ ಅವರಿಗೆ.

ನೈಸ್ಮಿತ್ತರ ಮುಂದಿನ ಬಾಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಅವರು ಡೆನ್ವರ್ ನಗರದಲ್ಲಿ ಕೆಲಸ ಮಾಡುತ್ತಲೇ ವೈದ್ಯಶಾಸ್ತ್ರವನ್ನೋದಿ 1898ರಲ್ಲಿ ಪದವಿ ಪಡೆದರು. ಅದೇ ವರ್ಷ ಕ್ಯಾನ್ಸಸ್ ವಿಶ್ವವಿದ್ಯಾನಿಲಯವನ್ನು ಸೇರಿ, ಜೀವಮಾನವೆಲ್ಲ ಅಲ್ಲಿಯೇ ಇದ್ದರು. ಅಲ್ಲಿಯ ತಂಡಕ್ಕೆ ಅವರು ಗುರುಗಳಾಗಿದ್ದ ಕಾಲದಲ್ಲಿ ಗೆದ್ದ ಪಂದ್ಯಗಳು 55, ಸೋತವು 60. ಆಟವನ್ನು ಸೃಷ್ಟಿಸಿದವರೇ ಗೆಲುವಿಗಿಂತ ಸೋಲನ್ನು ಹೆಚ್ಚಾಗಿ ಕಂಡರು! ಅದಕ್ಕಾಗಿ ಅವರು ಕೊರಗಿದವರಲ್ಲ. ಅವರ ಶಿಷ್ಯ ಫಾಗ್ ಆ್ಯಲನ್ ಮುಂದೆ ಅದೇ ತಂಡಕ್ಕೆ ದೊಡ್ಡ ಕೀರ್ತಿಯನ್ನು ತಂದರು. ಕರಿಯರಿಗೆ ತಂಡದಲ್ಲಿ ಸ್ಥಾನವಿಲ್ಲದಿದ್ದ ಆ ಕಾಲದಲ್ಲಿ, 1933ರಲ್ಲಿ, ಜಾನ್ ಮೆಕ್ಲೆಂಡನ್ ಎಂಬ ಕರಿಯ ತರುಣನು ಅಲ್ಲಿಗೆ ಓದಲು ಬಂದನು. ನೈಸ್ಮಿತ್ ಅವನಿಗೆ ಗುರುವಾಗಿ ಬೆಂಬಲವಿತ್ತರು. ತಂಡದ ಬಾಗಿಲು ಅವನಿಗೆ ತೆರೆಯಲಿಲ್ಲ. ಆದರೆ ಮುಂದೆ ಅವನು ಆ ಆಟದ ಶ್ರೇಷ್ಠ ಶಿಕ್ಷಕರ ಪಂಕ್ತಿಯಲ್ಲಿ ಕುಳಿತನು.

ಆಟದಿಂದ ನೈಸ್ಮಿತ್ ಹಣ ಮಾಡಿಕೊಳ್ಳಲಿಲ್ಲ. 1936ರಲ್ಲಿ ಬರ್ಲಿನ್ನಿನ ಒಲಿಂಪಿಕ್ ಕ್ರೀಡೆಗಳಲ್ಲಿ ಬಾಸ್ಕೆಟ್‌ಬಾಲ್ ಮೊದಲ ಸಲ ಸೇರಿದಾಗ, ಅಭಿಮಾನಿಗಳು ಚಂದಾ ಕೂಡಿಸಿ ಆ ವೃದ್ಧರನ್ನು ಅಲ್ಲಿಗೆ ಕಳುಹಿಸಿದರು. ಕೊನೆಯ ಪಂದ್ಯ ಬಯಲಿನಲ್ಲಿ, ಸುರಿಯುವ ಮಳೆಯಲ್ಲಿ, ಕೆಸರಿನ ನಡುವೆ ನಡೆದು, ಅವರು ನೆಲೆಸಿದ ದೇಶವು ಅವರು ಹುಟ್ಟಿದ ದೇಶವನ್ನು 19–8ರಿಂದ ಸೋಲಿಸಿತು. 1939ನೆಯ ನವೆಂಬರ್ 28ರಂದು ಅವರು ಕಾಲವಾದರು. ಅವರ ಗ್ರಂಥ ಹೊರಬಂದದ್ದು ಅವರು ತೀರಿಕೊಂಡ ಮೇಲೆ, 1941ರಲ್ಲಿ. ಗೋಡೆಗೆ ಅಂಟಿಸಿದ್ದ ಆ ಎರಡು ಹಾಳೆಗಳು 2010ರ ಹರಾಜಿನಲ್ಲಿ ನಲವತ್ತಮೂರು ಲಕ್ಷ ಡಾಲರಿಗೂ ಮೀರಿದ ಬೆಲೆಗೆ ಮಾರಾಟವಾಗಿ, ಅವರು ಪಾಠ ಹೇಳಿದ ಕ್ಯಾನ್ಸಸ್ಸಿಗೇ ಬಂದು ಸೇರಿದುವು. ನಮ್ಮ ಕಡೆಗೆ ಆ ಆಟ ವೈ.ಎಂ.ಸಿ.ಎ. ಮೂಲಕವೇ ಬಂದಿತು, ಸ್ಪ್ರಿಂಗ್‌ಫೀಲ್ಡಿನಲ್ಲಿ ಓದಿದ ಹ್ಯಾರಿ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಶಾಲೆಯನ್ನು ಸ್ಥಾಪಿಸಿದ್ದು ದಕ್ಷಿಣ ದೇಶದ ಆಟದ ಬಯಲುಗಳಿಗೆ ದೊಡ್ಡ ಉಪಕಾರ.

ಇನ್ನು ನನ್ನ ಮಾತು. ಎಷ್ಟೋ ವರ್ಷಗಳ ಹಿಂದೆ ನನ್ನ ತರಗತಿಯ ಇಬ್ಬರು ಹುಡುಗರು ಬರೆದ ಪ್ರಬಂಧಗಳು ಅಕ್ಷರಶಃ ಒಂದೇ ಆಗಿದ್ದುವು. ಇಬ್ಬರೂ ತಮ್ಮದೇ ಮೂಲವೆಂದರು. ಯಾರು ಯಾರದನ್ನು ನೋಡಿ ಬರೆದರೆಂದು ನನಗೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಹೇಳಲು ನಾಲಗೆ ಬರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದ, ಅಂಕ ಕಡಿಮೆಯಾಗಿದ್ದ ಹುಡುಗನ ಕಡೆಗೆ ಬೆರಳು ತೋರಿಸಿ ಶಿಕ್ಷೆ ವಿಧಿಸಿದೆ. ಅವನು ಮರುಮಾತಾಡಲಿಲ್ಲ. ಎರಡು ವರ್ಷಗಳ ಮೇಲೆ ಮತ್ತೊಬ್ಬನು ಮನೆಗೆ ಬಂದು, ನೋಡಿ ಬರೆದವನು ತಾನೆಂದು ಒಪ್ಪಿಕೊಂಡನು. ಆ ಹೊತ್ತಿಗೆ ಮೊದಲನೆಯವನು ಊರು ಬಿಟ್ಟಿದ್ದನು. ಅವನ ವಿಳಾಸ ನನಗೆ ಇಂದಿಗೂ ದೊರಕಿಲ್ಲ.

ಅಧ್ಯಾಪಕನು ತಿಳಿಯದು ಎಂದರೆ ಗೌರವ ಹೋಗುವುದೆಂದು ನಾವು ಭಾವಿಸುತ್ತೇವೆ. ಅಂದಿನ ಬಯಲಿನಲ್ಲಿ ಹೆಬ್ಬೆರಳುಗಳನ್ನೆತ್ತಿದ ತೀರ್ಪುಗಾರರ ಗೌರವ ಹೋಗಲಿಲ್ಲ. ಸೋತ ಪಕ್ಷದ ನಾಯಕನೂ ಆಟದ ಕೊನೆಯಲ್ಲಿ ಬಂದು ಅವರ ಕೈ ಕುಲುಕಿದನು. ಈ ವರ್ಷದಿಂದ ನನ್ನ ತರಗತಿಯಲ್ಲಿ ಇಂಥ ವಿವಾದ ಬಂದರೆ ನನಗೆ ತಿಳಿಯಲಿಲ್ಲವೆಂದು ಮೊದಲು ಹೇಳಿ, ಇಬ್ಬರನ್ನೂ ನನ್ನೆದುರಿಗೆ ಕೂರಿಸಿ ಹೊಸದಾಗಿ ಬರೆಯಿಸುತ್ತೇನೆ. ಆ ಹುಡುಗನಿಗೆ ನಾನು ಸಲ್ಲಿಸಬೇಕಾದ ಕ್ಷಮೆ ಮಾತ್ರ ಬಾಕಿಯಿದೆ.